ಅಡಕವಾಗು: ಮೌಖಿಕ ಕಾವ್ಯವಿಮರ್ಶೆಯಲ್ಲಿ ಒಂದು ಕ್ರಿಯಾಪದದ ನೆಲೆ

ಕನ್ನಡ ಜಾನಪದ ವಿಮರ್ಶೆಯಲ್ಲಿ ಕಿರಿದಾದುದನ್ನು ಕುರಿತು ಹೇಳುವಾಗ ಸಾಮಾನ್ಯವಾಗಿ ಬಳಕೆಯಾಗುವ ಪದ ‘ಸಂಕ್ಷಿಪ್ತ’. ಗಾದೆ ಸಂಕ್ಷಿಪ್ತ, ಒಗಟು ಸಂಕ್ಷಿಪ್ತ. ಹಲವು ರಾತ್ರಿ ಹಾಡಬಹುದಾದ ಕಾವ್ಯವನ್ನು ಗಾಯಕನೊಬ್ಬ ಎರಡು ಗಂಟೆಯಲ್ಲಿ ಮುಗಿಸಿದರೆ ಅದೂ ಸಂಕ್ಷಿಪ್ತ. ಸಂಪಾದಕ ಪುನರುಕ್ತಿಗಳನ್ನು ತೆಗೆದು ಅಚ್ಚಿಗೆ ಕೊಟ್ಟ ಪಾಠವೂ ಸಂಕ್ಷಿಪ್ತ. ಇವೆಲ್ಲ ಒಂದೇ ಬಗೆಯ ಕಿರಿದಾಗುವಿಕೆಗಳಲ್ಲ. ಇವುಗಳನ್ನು ಬೇರ್ಪಡಿಸಿ ಹೇಳಬಲ್ಲ ಕ್ರಿಯಾಪದಗಳು ಕನ್ನಡದ ಆಡುನುಡಿಯಲ್ಲಿವೆ. ವಿಮರ್ಶೆ ಅವುಗಳನ್ನು ಪರಿಭಾಷೆಯ ಮಟ್ಟಕ್ಕೆ ತಂದುಕೊಂಡದ್ದು ಕಡಿಮೆ. ‘ಅಡಕವಾಗು’ ಎಂಬ ಕ್ರಿಯಾಪದವನ್ನು ಅದರ ಸಮಾನಾರ್ಥಕಗಳೆಂದು ಭಾವಿಸಲಾದ ಪದಗಳೊಡನೆ ಇಟ್ಟು ನೋಡಿದಾಗ ಈ ಕೊರತೆಯ ಪರಿಣಾಮ ಸ್ಪಷ್ಟವಾಗುತ್ತದೆ.

‘ಅಡಕ’ಕ್ಕೆ ‘ಅಡಗು’ (ಹಳಗನ್ನಡದ ‘ಅಡಂಗು’) ಮತ್ತು ‘ಅಡಕು’ ಎಂಬ ಕ್ರಿಯಾಪದಗಳು ಹತ್ತಿರದ ಸಂಬಂಧಿಗಳು. ಮೊದಲನೆಯದು ಅಕರ್ಮಕ: ಒಳಗೆ ಸೇರು, ಮರೆಯಾಗು. ಎರಡನೆಯದು ಸಕರ್ಮಕ: ಒತ್ತಿ ತುಂಬು, ಒಂದರೊಳಗೆ ಸೇರಿಸು. ಇದೇ ಬಳಗಕ್ಕೆ ಸೇರಿದ ನಾಮಪದ ‘ಅಡಕಲು’. ಒಂದರ ಮೇಲೊಂದು ಪೇರಿಸಿಟ್ಟ ಗಡಿಗೆಗಳಿಗೆ ಈ ಹೆಸರು. ಬರೋ ಮತ್ತು ಎಮಿನೋ ಅವರ ದ್ರಾವಿಡ ಜ್ಞಾತಿಪದಕೋಶ (1961, ಪರಿಷ್ಕೃತ 1984) ಈ ರೂಪಗಳನ್ನು ತಮಿಳಿನ ‘ಅಡಂಗು’ವಿನೊಡನೆ ಒಂದೆಡೆ ಇರಿಸುತ್ತದೆ. ತಮಿಳಿನ ‘ಅಡಕ್ಕಂ’ ಸಂಯಮವನ್ನು ಸೂಚಿಸುವ ಪದ. ತಿರುಕ್ಕುರಳಿನ 13ನೆಯ ಅಧಿಕಾರದ ವಸ್ತು ಅದೇ. ಸಂಯಮಿಯಲ್ಲಿ ಶಕ್ತಿ ಇಲ್ಲವಾಗಿರುವುದಿಲ್ಲ, ಒಳಗೆ ನಿಂತಿರುತ್ತದೆ. ಅಡಕಲಿನ ಗಡಿಗೆಗಳ ಸ್ಥಿತಿಯೂ ಹೀಗೆಯೇ. ಪೇರಿಸಿದ್ದರಿಂದ ಯಾವ ಗಡಿಗೆಯೂ ಚಿಕ್ಕದಾಗುವುದಿಲ್ಲ. ಅವು ಹಿಡಿದ ನೆಲ ಮಾತ್ರ ಕಡಿಮೆಯಾಗುತ್ತದೆ. ಬೇಕಾದಾಗ ಇಳಿಸಿ ಸಾಲಾಗಿ ಇಡಬಹುದು. ಒಳಗಿನದು ಕಳೆದುಹೋಗದಿರುವುದು ಹಾಗೂ ಬೇಕಾದಾಗ ಬಿಚ್ಚಿಕೊಳ್ಳುವುದು ಅಡಕದ ಎರಡು ಲಕ್ಷಣಗಳು.

ಉಳಿದ ಕ್ರಿಯಾಪದಗಳಲ್ಲಿ ಈ ಎರಡೂ ಒಟ್ಟಿಗೆ ದೊರೆಯುವುದಿಲ್ಲ. ‘ಕುಗ್ಗು’ ಎಂಬುದರಲ್ಲಿ ನಷ್ಟದ ಅರ್ಥ ಪ್ರಧಾನ. ದನಿ ಕುಗ್ಗುತ್ತದೆ, ಬಲ ಕುಗ್ಗುತ್ತದೆ. ಆಡುಮಾತಿನಲ್ಲಿ ಇದರ ಜೋಡಿ ‘ಹಿಗ್ಗು’. ‘ಮುದುಡು’ವುದು ಮತ್ತೆ ಅರಳಬಲ್ಲದು, ಆದರೆ ಅದು ಹೊರಗಿನ ಸೋಂಕಿಗೆ ಒಡಲು ತೋರುವ ಪ್ರತಿಕ್ರಿಯೆ, ಮುಟ್ಟಿದರೆ ಮುನಿಯ ಎಲೆ ಇದಕ್ಕೆ ನಿದರ್ಶನ. ‘ಬತ್ತು’ವುದರಲ್ಲಿ ಒಂದು ಅಂಶ ಹೋಗಿ ಇನ್ನೊಂದು ಉಳಿಯುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬತ್ತಿ ಪಾಕವಾಗುತ್ತದೆ, ಪಾಕ ಅಚ್ಚಿನಲ್ಲಿ ಬೆಲ್ಲವಾಗುತ್ತದೆ. ಆ ಬೆಲ್ಲವನ್ನು ನೀರಿಗೆ ಹಾಕಿದರೆ ಪಾನಕವಾದೀತೇ ಹೊರತು ಕಬ್ಬಿನ ಹಾಲಾಗದು. ‘ಹೆಪ್ಪುಗಟ್ಟು’ವಲ್ಲಿ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇದ್ದು ಹರಿಯುವ ಗುಣ ಹೋಗುತ್ತದೆ. ‘ಒತ್ತಾಗು’, ‘ದಟ್ಟವಾಗು’ ಎಂಬವು ಪೈರು, ಕಾಡು, ಜನಸಂದಣಿಗಳಂತೆ ಹಲವು ಘಟಕಗಳ ನಡುವಣ ಅಂತರ ಕಡಿಮೆಯಾದುದನ್ನು ಹೇಳುತ್ತವೆ. ಒಂದು ಇನ್ನೊಂದರೊಳಗೆ ಸೇರಿತೆಂದು ಹೇಳುವುದಿಲ್ಲ.

ಸಂಸ್ಕೃತದ ‘ಸಂಕ್ಷೇಪ’ವೂ ಮೂಲದಲ್ಲಿ ಕತ್ತರಿಸುವ ಕ್ರಿಯೆಯಲ್ಲ; ‘ಒಟ್ಟಿಗೆ ಎಸೆ’ ಎಂಬುದು ಅದರ ಧಾತ್ವರ್ಥ. ‘ಸಮಾಸ’ದ ವ್ಯುತ್ಪತ್ತಿಯೂ ಇದಕ್ಕೆ ಸಮೀಪದ್ದು. ಆದರೆ ಕನ್ನಡದ ಗ್ರಂಥಪ್ರಕಟಣೆಯಲ್ಲಿ ‘ಸಂಕ್ಷಿಪ್ತ ಆವೃತ್ತಿ’ ಎಂದರೆ ಕೆಲವು ಭಾಗ ಕೈಬಿಟ್ಟ ಆವೃತ್ತಿ ಎಂಬ ಅರ್ಥ ನೆಲೆಗೊಂಡಿದೆ. ಈ ಅರ್ಥವನ್ನು ಮೌಖಿಕ ಪ್ರದರ್ಶನಕ್ಕೆ ಅನ್ವಯಿಸಿದಾಗ ಕಿರಿದಾಗಿ ಹಾಡಿದ್ದೆಲ್ಲ ಏನನ್ನೋ ಬಿಟ್ಟದ್ದು, ಆದ್ದರಿಂದ ಅಪೂರ್ಣ ಎಂಬ ತೀರ್ಮಾನ ಪರೀಕ್ಷೆಯಿಲ್ಲದೆ ಒಳಬರುತ್ತದೆ.

ಗಾದೆಯ ಮಟ್ಟದಲ್ಲಿ ಈ ತೀರ್ಮಾನದ ದೋಷ ಸುಲಭವಾಗಿ ಕಾಣುತ್ತದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬಲ್ಲಿ ನಾಲ್ಕೇ ಪದಗಳಿವೆ. ಎರಡನೆಯ ಭಾಗದಲ್ಲಿ ಕ್ರಿಯಾಪದವಿಲ್ಲ, ದುಡಿಮೆ ಎಂಬ ಮಾತಿಲ್ಲ, ಫಲ ಎಂಬ ಮಾತಿಲ್ಲ. ಆದರೂ ಇದು ದೊಡ್ಡ ಹೇಳಿಕೆಯೊಂದನ್ನು ಕತ್ತರಿಸಿ ಮಾಡಿದ ತುಣುಕಲ್ಲ. ಗದ್ದೆಯ ಕೆಲಸವೂ ಊಟದ ಎಲೆಯೂ ಅದರಲ್ಲಿ ಅಡಕವಾಗಿವೆ; ಕೇಳುಗ ಸಂದರ್ಭಕ್ಕೆ ತಕ್ಕಂತೆ ಅದನ್ನು ಬಿಚ್ಚಿಕೊಳ್ಳುತ್ತಾನೆ.

ಮೌಖಿಕ ಮಹಾಕಾವ್ಯಗಳಲ್ಲಿ ಪ್ರಶ್ನೆ ಇನ್ನಷ್ಟು ಗಂಭೀರ. ಕಂಸಾಳೆಯ ದೇವರಗುಡ್ಡರು ಹಾಡುವ ಮಲೆಯ ಮಾದೇಶ್ವರ ಕಾವ್ಯ ‘ಸಾಲು’ಗಳಾಗಿ ವಿಭಾಗಗೊಂಡಿದೆ. ಸಂಕಮ್ಮನ ಸಾಲನ್ನು ಬಿಡಿಯಾಗಿಯೂ ಹಾಡುವುದುಂಟು. ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯಿಂದ ಪಾತಿವ್ರತ್ಯದ ‘ಬಲಗೈ ಭಾಷೆ’ ಕೇಳುವುದು, ಸಂಕಮ್ಮ ಒಪ್ಪದಿರುವುದು, ಅವಳು ಪಡುವ ಹಿಂಸೆ, ಮಾದೇಶ್ವರನ ಅನುಗ್ರಹ, ಕಾರಯ್ಯ ಬಿಲ್ಲಯ್ಯರ ಜನನ ಈ ಸಾಲಿನ ಕಥನಸರಣಿ. ಪರಂಪರೆಯ ಕೇಳುಗರಿಗೆ ‘ಬಲಗೈ ಭಾಷೆ’ ಎಂಬೆರಡು ಪದಗಳಲ್ಲೇ ಈ ಸರಣಿ ಅಡಕವಾಗಿದೆ. ಗಾಯಕ ಅಲ್ಲಿ ನಿಂತು ವಿಸ್ತರಿಸಬಹುದು, ಬೇಗನೆ ದಾಟಲೂಬಹುದು. ದಾಟಿದಾಗ ಕಥೆ ಕುಗ್ಗಿತೆಂದು ಅವರು ತಿಳಿಯಬೇಕಾಗಿಲ್ಲ.

ತುಳುವಿನ ಸಿರಿ ಕಾವ್ಯದ ಅಧ್ಯಯನ ಇದಕ್ಕೆ ಶಾಸ್ತ್ರೀಯ ಆಧಾರವನ್ನು ಒದಗಿಸಿದೆ. ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ನಿರೂಪಿಸಿದ ಪಾಠವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಸಹಯೋಗದಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು; ಅದರ ಉದ್ದ 15,683 ಸಾಲುಗಳು. ಸಿರಿ ಜಾತ್ರೆಯ ಆವೇಶದ ಸಂದರ್ಭದಲ್ಲಿ ಇಷ್ಟು ದೀರ್ಘ ಪಾಠ ಹಾಡಲ್ಪಡುವುದಿಲ್ಲ. ಅಲ್ಲಿ ಕಾವ್ಯದ ಭಾಗಗಳಷ್ಟೇ ಕೇಳಿಬರುತ್ತವೆ. ಗಾಯಕನ ಮನಸ್ಸಿನಲ್ಲಿ ಕಥಾಸೂತ್ರ, ಪ್ರಸಂಗ, ಸೂತ್ರಪದಗಳ ರೂಪದಲ್ಲಿ ಇರುವ ಸಂಪತ್ತನ್ನು ಹಾಂಕೊ ‘ಮಾನಸಿಕ ಪಠ್ಯ’ ಎಂದು ಕರೆದರು. ಅದು ಕಂಠಪಾಠವಲ್ಲ, ದೀರ್ಘ ನಿರೂಪಣೆ, ಕಿರು ನಿರೂಪಣೆ ಎರಡೂ ಅದರಿಂದಲೇ ಹೊರಡುತ್ತವೆ. ಕನ್ನಡದ ‘ಅಡಕ’ ಈ ಪರಿಕಲ್ಪನೆಗೆ ಹತ್ತಿರದ ಪದ. ದೀರ್ಘಪಾಠ ಮೂಲ, ಉಳಿದವು ಅದರ ಸಂಕ್ಷೇಪ ಎಂಬ ಶ್ರೇಣೀಕರಣ ಇಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಕಿರಿದಾದುದೆಲ್ಲವೂ ಅಡಕವಲ್ಲ. ಸಂಪಾದಕ ಪುನರುಕ್ತಿಯನ್ನೂ ಹಿಮ್ಮೇಳದ ಸೊಲ್ಲನ್ನೂ ಬಿಟ್ಟು ಅಚ್ಚು ಮಾಡಿಸಿದರೆ ಓದುಗ ಅವನ್ನು ಪುಟದಿಂದ ಮರಳಿ ಪಡೆಯಲಾರ. ಅಂಥ ಪಾಠ ಬತ್ತಿದ್ದು. ಏನನ್ನೂ ಬಿಡದ ಮುದ್ರಿತ ಪಾಠವೂ ಹೆಪ್ಪುಗಟ್ಟಿದ್ದೇ. ವೇದಿಕೆಯ ಹತ್ತು ನಿಮಿಷಕ್ಕೆ ಹೊಂದಿಸಿದ ಹಾಡು ಹಿರಿಯ ಗಾಯಕನ ಬಾಯಲ್ಲಿ ಅಡಕವಾಗಿರುತ್ತದೆ, ಏಕೆಂದರೆ ಅವನು ಅದನ್ನು ರಾತ್ರಿಯಿಡೀ ಬಿಚ್ಚಬಲ್ಲ. ಆ ಹತ್ತು ನಿಮಿಷವನ್ನಷ್ಟೇ ಕೇಳಿ ಕಲಿತ ಶಿಷ್ಯನಲ್ಲಿ ಅದೇ ಹಾಡು, ಪದ ಪದವೂ ಹಾಗೆಯೇ ಇದ್ದರೂ, ಕುಗ್ಗಿದ ಹಾಡು. ಎರಡರ ಧ್ವನಿಮುದ್ರಿಕೆಗಳನ್ನು ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ತಿಳಿಯದೇ ಹೋಗಬಹುದು.

ಆದುದರಿಂದ ಸಂಗ್ರಹಕಾರರು ಪಾಠದ ಉದ್ದವನ್ನು ಗುರುತಿಸಿಕೊಂಡರೆ ಸಾಲದು. ಯಾರ ಮುಂದೆ, ಎಷ್ಟು ಹೊತ್ತಿಗೆಂದು ಹಾಡಲಾಯಿತು, ಯಾವ ಪ್ರಸಂಗವನ್ನು ಗಾಯಕ ಕೇಳಿದಾಗ ವಿಸ್ತರಿಸಬಲ್ಲವನಾಗಿದ್ದ, ಯಾವುದನ್ನು ಹೆಸರಿನಿಂದ ಮಾತ್ರ ಬಲ್ಲವನಾಗಿದ್ದ ಎಂಬ ವಿವರಗಳು ಧ್ವನಿಮುದ್ರಣದ ಜೊತೆಯಲ್ಲಿಯೇ ದಾಖಲಾಗಬೇಕು. ಅವು ಇಲ್ಲದ ಕಡೆ ಮುಂದಿನ ಸಂಶೋಧಕರಿಗೆ ಅಡಕವಾದ ಕಾವ್ಯವನ್ನೂ ಕುಗ್ಗಿದ ಕಾವ್ಯವನ್ನೂ ಬೇರೆಮಾಡಿ ನೋಡುವ ದಾರಿ ಇರುವುದಿಲ್ಲ.