ರಾಕೆಟಿನ ಮೇಲೆ ಪಣ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಓದುಗರಿಗೆ ಪಣವೆಂದರೇನೆಂದು ನಾವು ಹೇಳಿಕೊಡಬೇಕಾಗಿಲ್ಲ. ಗುಡ್ಡದ ಮರೆಯ ಕೋಳಿ ಅಂಕ, ಗೂಡಂಗಡಿಯ ಮಟ್ಕಾ ಚೀಟಿ, ಐಪಿಎಲ್ ಕಾಲದ ಬೆಟ್ಟಿಂಗ್ ಎಲ್ಲವೂ ನಮಗೆ ಗೊತ್ತಿರುವುದೇ. ಪೊಲೀಸರ ದಾಳಿಯ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ, ಹಿಡಿದ ಕೋಳಿಗಳ ಸಂಖ್ಯೆಯ ಸಮೇತ. ಆದರೆ ಇದೇ ವ್ಯವಹಾರ ಸೂಟುಬೂಟು ಧರಿಸಿ ‘ಮುನ್ಸೂಚನೆಯ ಮಾರುಕಟ್ಟೆ’ ಎಂಬ ಹೆಸರಿನಲ್ಲಿ ಬಂದರೆ ಓದುಬರಹ ಬಲ್ಲವರೂ ಅದನ್ನು ಜ್ಞಾನವೆಂದು ಒಪ್ಪಿಕೊಳ್ಳುತ್ತಾರೆ. ನಮ್ಮ ತಕರಾರು ಇರುವುದು ಅಲ್ಲಿ.

ವ್ಯವಹಾರ ಸರಳ. ಅಮೆರಿಕದ ಪಾಲಿಮಾರ್ಕೆಟ್, ಕಲ್ಶಿಯಂಥ ಕಡೆ ಚುನಾವಣೆ, ಬಡ್ಡಿದರ, ರಾಕೆಟ್ ಉಡಾವಣೆ ಎಲ್ಲದರ ಮೇಲೂ ಹಣ ಹೂಡಬಹುದು. ಹೊಸ ರಾಕೆಟ್ ಈ ವರ್ಷ ಹತ್ತು ಸಲ ಹಾರೀತೇ? ‘ಹೌದು’ ಎಂಬ ಚೀಟಿ 30 ಸೆಂಟಿಗೆ ಮಾರಾಟವಾದರೆ, ಅದು ಹಾರುವ ಸಾಧ್ಯತೆ ನೂರಕ್ಕೆ 30 ಎಂದು ಅರ್ಥ. ಹಾರಿದರೆ ಚೀಟಿಗೆ ಒಂದು ಡಾಲರ್, ಹಾರದಿದ್ದರೆ ಸೊನ್ನೆ.

ಸಮರ್ಥಕರ ವಾದವನ್ನು ತಳ್ಳಿಹಾಕುವ ಮೊದಲು ಕೇಳಿಸಿಕೊಳ್ಳಬೇಕು. ಬಾಯಿಮಾತಿಗೆ ಖರ್ಚಿಲ್ಲ, ಕಿಸೆಯ ಹಣ ಹೋಗುವುದಾದರೆ ಮನುಷ್ಯ ಯೋಚಿಸಿ ಮಾತಾಡುತ್ತಾನೆ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್ 2023ರಲ್ಲಿ ಹಾರಿದ್ದು 2 ಸಲ, 2024ರಲ್ಲಿ 4 ಸಲ. 2025ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ನೆಲೆಯಿಂದ ವರ್ಷಕ್ಕೆ 25 ಹಾರಾಟಕ್ಕೆ ಸರಕಾರದ ಒಪ್ಪಿಗೆ ಸಿಕ್ಕಿತು. ಆ ವರ್ಷ ಹಾರಿದ್ದು 5. ನಮ್ಮ ಇಸ್ರೋದ ಲೆಕ್ಕವನ್ನೂ ನೋಡಿ. 2024ರ ಜನವರಿ 1ರಂದು ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಆ ವರ್ಷದ ಗುರಿ ಕನಿಷ್ಠ 12 ಎಂದಿದ್ದರು. ಪರೀಕ್ಷಾ ಹಾರಾಟಗಳನ್ನು ಬಿಟ್ಟರೆ ಶ್ರೀಹರಿಕೋಟಾದಿಂದ ಕಕ್ಷೆಗೆ ಹೋದದ್ದು 5 ರಾಕೆಟ್. ಗುರಿಯನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡುವ ನಮ್ಮ ಪತ್ರಿಕೆಗಳು ಡಿಸೆಂಬರಿನಲ್ಲಿ ಲೆಕ್ಕ ಕೇಳುವುದನ್ನು ಮರೆಯುತ್ತವೆ. ಪಣ ಕಟ್ಟಿದವನು ಮಾತ್ರ ಮರೆಯುವುದಿಲ್ಲ!

ಆದರೆ ಅವನಿಗೆ ತಿಳಿದಿರುವುದಾದರೂ ಏನು? ಇಸ್ರೋದ ಹೊಸ ಸಣ್ಣ ರಾಕೆಟ್ ಎಸ್ಸೆಸ್ಸೆಲ್ವಿಯನ್ನು ತೆಗೆದುಕೊಳ್ಳಿ. 500 ಕಿಲೋ ತೂಕದ ಉಪಗ್ರಹವನ್ನು ಕೆಳಕಕ್ಷೆಗೆ ಒಯ್ಯುವ, ಬೇಕೆಂದಾಗ ಬೇಗನೆ ಜೋಡಿಸಿ ಹಾರಿಸಬಹುದಾದ ರಾಕೆಟ್ ಎಂದು ಅದನ್ನು ಕಟ್ಟಿದರು. 2022ರ ಆಗಸ್ಟ್ 7ರಂದು ಮೊದಲ ಹಾರಾಟ. ಎರಡನೇ ಹಂತ ಕಳಚಿಕೊಳ್ಳುವಾಗಿನ ಕಂಪನ ಕ್ಷಣಮಾತ್ರ ಮಾಪಕಗಳ ದಾರಿ ತಪ್ಪಿಸಿತು, ಉಪಗ್ರಹಗಳು ಕಕ್ಷೆ ಸೇರಲಿಲ್ಲ. ಅವುಗಳಲ್ಲೊಂದು, ದೇಶದ 750 ಶಾಲಾ ವಿದ್ಯಾರ್ಥಿನಿಯರ ಕೈಗೆಲಸ ಸೇರಿದ್ದ ಆಜಾದಿಸ್ಯಾಟ್. ಆರು ತಿಂಗಳ ನಂತರ, 2023ರ ಫೆಬ್ರವರಿ 10ರಂದು ಎರಡನೆಯದು ಗೆದ್ದಿತು, ಆ ಮಕ್ಕಳ ಎರಡನೇ ಉಪಗ್ರಹವೂ ಮೇಲೇರಿತು. ಮೂರನೆಯದಕ್ಕೆ ಮತ್ತೆ ಒಂದೂವರೆ ವರ್ಷ, 2024ರ ಆಗಸ್ಟ್ 16. ಮೂರು ಹಾರಾಟಗಳನ್ನು ಇಟ್ಟುಕೊಂಡು ಯಾವ ಸರಾಸರಿ ತೆಗೆಯುವುದು?

ಆ ಕಂಪನದ ಸುಳಿವು ಯಾರಿಗಾದರೂ ಮೊದಲೇ ಸಿಗುವುದಿದ್ದರೆ ಅದು ರಾಕೆಟ್ ಕಟ್ಟಿದವರಿಗೇ. ಅವರು ಪಣ ಕಟ್ಟಿದರೆ ಅದು ನಂಬಿಕೆದ್ರೋಹ. ಅವರು ಕಟ್ಟದಿದ್ದರೆ ಉಳಿದವರ ಹಣ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನೇ ತಿರುಗಿ ಹೇಳುತ್ತದೆ. ಮೂಡುಬಿದಿರೆಯ ಕಡಲಕೆರೆ ಕಂಬಳದಲ್ಲೂ ಹಾಗೆಯೇ. ಕೋಣ ಸಾಕಿದವನಿಗೆ ತಿಳಿದಷ್ಟು ದಡದಲ್ಲಿ ನಿಂತವನಿಗೆ ತಿಳಿಯದು, ಅವನ ಕೈಯಲ್ಲಿ ಎಷ್ಟೇ ನೋಟುಗಳಿರಲಿ.

ಪಣವಿಲ್ಲದ ಮುನ್ಸೂಚನೆ ನಮ್ಮಲ್ಲೇ ಇದೆ. ಘಟ್ಟದ ಬುಡದಲ್ಲಿ, ಬೆಳ್ತಂಗಡಿ ಕಡೆ ಮಳೆ ಸುರಿದರೆ ಬಂಟ್ವಾಳದಲ್ಲಿ ನೇತ್ರಾವತಿ ಏರುತ್ತದೆ. 1974ರ ನೆರೆಯನ್ನು ಕಂಡ ಹಿರಿಯರು ಇಂದಿಗೂ ಮೇಲಿನ ಮಳೆಯನ್ನು ವಿಚಾರಿಸುತ್ತಾರೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆ ನೀರು ನುಗ್ಗಿದಾಗಲೂ ಕೆಳಗಿನವರು ಕೇಳಿದ್ದು ಅದನ್ನೇ. ಅಪಾಯದ ಮಟ್ಟ 8.5 ಮೀಟರ್. ನೀರು ಅಷ್ಟಕ್ಕೆ ಬಂದೀತೇ ಎಂದು ಕೇಳುವವನು ಗೆಲ್ಲಬೇಕೆಂದು ಕೇಳುವುದಿಲ್ಲ, ಅಕ್ಕಿಮೂಟೆಯನ್ನು ಅಟ್ಟಕ್ಕೇರಿಸಬೇಕೇ ಎಂದು ಕೇಳುತ್ತಾನೆ. ಅವನ ಲೆಕ್ಕ ತಪ್ಪಿ ನೀರು ಬಾರದಿದ್ದರೆ ಎಲ್ಲರಿಗೂ ಸಂತೋಷವೇ. ಮುನ್ಸೂಚನೆಯ ಮಾರುಕಟ್ಟೆಯಲ್ಲಿ ಒಬ್ಬ ಸೋಲದೆ ಇನ್ನೊಬ್ಬನಿಗೆ ದಕ್ಕುವುದಿಲ್ಲ.

ಜಾಹಿಲಿಯ್ಯಾ ಕಾಲದ ಅರಬರ ‘ಮೈಸಿರ್’ನಲ್ಲಿ ಬಾಣಗಳಿಂದ ಚೀಟಿ ಎತ್ತಿ ಒಂಟೆಯ ಮಾಂಸ ಹಂಚಿಕೊಳ್ಳುತ್ತಿದ್ದರು. ಗೆದ್ದವರು ಅದನ್ನು ಬಡವರಿಗೆ ಕೊಟ್ಟು ಹೆಸರು ಗಳಿಸುವುದೂ ಇತ್ತು. ಕುರ್‌ಆನ್ ಆ ಪ್ರಯೋಜನವನ್ನು ಅಲ್ಲಗಳೆಯಲಿಲ್ಲ, ಕೇಡು ಅದಕ್ಕಿಂತ ದೊಡ್ಡದೆಂದು ತೂಗಿ ಹೇಳಿತು. ಈ ಮಾರುಕಟ್ಟೆಗೂ ಅದೇ ತಕ್ಕಡಿ ಸಾಕು.

ನಮ್ಮ ದೇಶದಲ್ಲಿ ಪ್ರೋಬೋ ಎಂಬ ಆ್ಯಪ್ ಹತ್ತು ರೂಪಾಯಿಯ ‘ಹೌದು-ಇಲ್ಲ’ ಚೀಟಿಗಳನ್ನು ಮಾರುತ್ತಿತ್ತು. ಹತ್ತು ರೂಪಾಯಿ ತಾನೇ ಎಂದುಕೊಂಡ ಹುಡುಗರು ದಿನಕ್ಕೆಷ್ಟು ಹತ್ತುಗಳೆಂದು ಎಣಿಸಲು ಹೋಗುವುದಿಲ್ಲ. ಪಣದ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲೇ ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣದ ಆಟಗಳನ್ನು ನಿಷೇಧಿಸಿದ ಕೇಂದ್ರದ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ತಿಂಗಳಲ್ಲೇ ಪ್ರೋಬೋ ಹಣದ ವ್ಯವಹಾರ ನಿಲ್ಲಿಸಿತು.

ಅಂಕಿತ ಬಿದ್ದ ಮರುದಿನವೇ ರಾಷ್ಟ್ರೀಯ ಬಾಹ್ಯಾಕಾಶ ದಿನ. ಐದು ವರ್ಷಗಳಲ್ಲಿ ವರ್ಷಕ್ಕೆ 50 ರಾಕೆಟ್ ಹಾರಿಸುವ ಮಟ್ಟಕ್ಕೆ ದೇಶ ಬರಬೇಕೆಂದು ಪ್ರಧಾನಿಯವರು ಅಂದು ಹೇಳಿದರು. ಬೆಂಗಳೂರಿನ ಎಚ್‌ಎಎಲ್ 511 ಕೋಟಿ ರೂಪಾಯಿ ಬಿಡ್ ಮಾಡಿ ಎಸ್ಸೆಸ್ಸೆಲ್ವಿ ಕಟ್ಟುವ ಹಕ್ಕನ್ನು ಪಡೆದದ್ದೂ ಅದೇ 2025ರಲ್ಲಿ. ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯವರು ಇಂಥ ಮಾತು ನಂಬಿ ಯಂತ್ರ ಕೊಳ್ಳುತ್ತಾರೆ, ಸಾಲ ಮಾಡುತ್ತಾರೆ. ಆ 50ನ್ನು ತಾರೀಕಿನ ಸಮೇತ ಬರೆದಿಟ್ಟುಕೊಂಡು 2030ರ ಡಿಸೆಂಬರಿನಲ್ಲಿ ಮೊದಲ ಪುಟದಲ್ಲೇ ತಾಳೆ ನೋಡುವುದು ಪತ್ರಿಕೆಗಳ ಕೆಲಸ. ಅದಕ್ಕೆ ಒಂದು ಡೈರಿ ಸಾಕು.