ಲಿಂಕು ಬದಲಿಸಿದರೆ ಬಂಡಿ ಬಂಡೆ ಹತ್ತುತ್ತದೆಯೇ?

ಬಂಡೆ ಹತ್ತುವ ಆರ್‌ಸಿ (ರಿಮೋಟಿನಿಂದ ಓಡಿಸುವ) ಬಂಡಿ ಕೊಂಡವರು ಮೊದಲು ಟೈರು ಬದಲಿಸುತ್ತಾರೆ, ಆಮೇಲೆ ಲಿಂಕು, ಎಂದರೆ ಆಕ್ಸಲ್ಲನ್ನು ಚಾಸಿಗೆ ಜೋಡಿಸುವ ಸರಳು. ಟೈರಿಗೆ ಹಾಕಿದ ದುಡ್ಡು ದಂಡವಾಗುವುದಿಲ್ಲ. ಲಿಂಕಿನ ವಿಷಯದಲ್ಲಿ ಮಾತ್ರ ಮಾರುವವರೂ ಕೊಳ್ಳುವವರೂ ಬಣ್ಣಕ್ಕೆ ಮರುಳಾಗಿದ್ದಾರೆ ಎಂಬುದು ನನ್ನ ತಕರಾರು. ನೀಲಿ, ಕೆಂಪು ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಸೆಟ್ಟುಗಳಲ್ಲಿ ಹೆಚ್ಚಿನವು ಹಳೆಯ ಲಿಂಕಿನ ಉದ್ದವನ್ನೇ ನಕಲು ಮಾಡಿರುತ್ತವೆ. ಉದ್ದವೂ ಬದಲಾಗಲಿಲ್ಲ, ತುದಿ ಕೂರುವ ಜಾಗವೂ ಬದಲಾಗಲಿಲ್ಲ ಎಂದಮೇಲೆ ಸಸ್ಪೆನ್ಷನ್ ಹೊಸದಾಗಿ ಏನು ಮಾಡೀತು?

ಆಕ್ಸಿಯಲ್ ಕಂಪನಿ 2016ರಲ್ಲಿ ತಂದ ಎಸ್‌ಸಿಎಕ್ಸ್10-2 ಬಂಡಿಯನ್ನೇ ನೋಡಿ. ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ 313 ಮಿ.ಮೀ. ಅಂತರ. ಹಿಂದಿನ ಆಕ್ಸಲ್‌ಗೆ ನಾಲ್ಕು ಲಿಂಕು. ಕೆಳಗಿನೆರಡು ಬಂಡಿಯನ್ನು ಮುಂದಕ್ಕೆ ನೂಕುವ ಭಾರ ಹೊರುತ್ತವೆ. ಮೇಲಿನೆರಡು ಓರೆಯಾಗಿ ಕೂತು ಆಕ್ಸಲ್ ಪಕ್ಕಕ್ಕೆ ಸರಿಯದಂತೆ, ಮಗುಚದಂತೆ ಹಿಡಿಯುತ್ತವೆ. ಮುಂದೆ ಸ್ಟೀರಿಂಗ್ ಸರ್ವೊ ಚಾಸಿಯ ಮೇಲಿರುವುದರಿಂದ ಮೂರೇ ಲಿಂಕು, ಜೊತೆಗೆ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಅಡ್ಡಲಾಗಿ ಒಂದು ಪಾನ್‌ಹಾರ್ಡ್ ರಾಡು. ಈ ರಾಡಿಗೂ ಸರ್ವೊದಿಂದ ಹೋಗುವ ಸ್ಟೀರಿಂಗ್ ರಾಡಿಗೂ ಹೆಚ್ಚುಕಡಿಮೆ ಒಂದೇ ಉದ್ದ, ಒಂದೇ ಓರೆ ಇರಬೇಕು. ತಪ್ಪಿದರೆ ಚಕ್ರ ಕಲ್ಲೇರಿದಾಗಲೆಲ್ಲ ನೀವು ತಿರುಗಿಸದೆಯೂ ಬಂಡಿ ತಿರುಗಿಕೊಳ್ಳುತ್ತದೆ. ಉದ್ದನೆಯ ಶಾಕ್ ಹಾಕಿ ಬಂಡಿ ಎತ್ತರಿಸಿದವರು ಸರ್ವೊ ಕೆಟ್ಟಿದೆ ಎಂದುಕೊಳ್ಳುವುದು ಇಲ್ಲೇ.

ಅಸಲಿ ಆಟವಿರುವುದು ಮೇಲಿನ ಲಿಂಕಿನಲ್ಲಿ. ಮುಂದಿನ ಮೇಲಿನ ಲಿಂಕನ್ನು ಒಂದೆರಡು ಮಿ.ಮೀ. ಗಿಡ್ಡ ಮಾಡಿದರೆ ಆಕ್ಸಲ್ಲಿನ ತಲೆ ಹಿಂದಕ್ಕೆ ವಾಲುತ್ತದೆ. ಈ ವಾಲು, ಅಂದರೆ ಕ್ಯಾಸ್ಟರ್, ಹೆಚ್ಚಿ ಸ್ಟೀರಿಂಗ್ ನೇರಕ್ಕೆ ಮರಳುವ ಗುಣ ಸುಧಾರಿಸುತ್ತದೆ. ಆದರೆ ಅದೇ ಹೊರಳಿನಲ್ಲಿ ಗೇರಿನ ಮೂತಿ ನೆಲ ನೋಡುತ್ತದೆ, ಡ್ರೈವ್‌ಶಾಫ್ಟಿನ ಕೀಲು ಹೆಚ್ಚು ಮುರಿದು ಕೂತು ಕಟಕಟ ಎನ್ನತೊಡಗುತ್ತದೆ. ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು. ಹಿಂದಿನ ಆಕ್ಸಲ್ಲಿಗೆ ಬಂದರೆ ಲಿಂಕಿನ ಚಾಸಿ ತುದಿಯ ಎತ್ತರಕ್ಕೂ ಬೆಲೆಯಿದೆ. ಬೇರೆ ತೂತು ಇದ್ದರೆ ಮೇಲಿನ ಲಿಂಕನ್ನು ಅದಕ್ಕೆ ಏರಿಸಿ ನೋಡಿ, ಕಡಿದಾದ ಏರಿನಲ್ಲಿ ಥ್ರಾಟಲ್ ಕೊಟ್ಟೊಡನೆ ಬಂಡಿಯ ಹಿಂಬದಿ ಎದ್ದು ಕುಪ್ಪಳಿಸುವುದು ತಗ್ಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ, ಒಂದು ಆಲೆನ್ ಕೀ ಸಾಕು. ಯಾವ ಬಣ್ಣದ ಸೆಟ್ಟೂ ಕೊಡದ ಲಾಭ ಇದು.

ಲೋಹದ ಲೆಕ್ಕಕ್ಕೆ ಬರೋಣ. 6 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ಗಟ್ಟಿ ಸರಳು ಅಲ್ಯೂಮಿನಿಯಂನದಾದರೆ ಸುಮಾರು 8 ಗ್ರಾಂ, ಟೈಟಾನಿಯಂನದಾದರೆ ಹನ್ನೆರಡೂವರೆ, ಉಕ್ಕಿನದಾದರೆ 22. ಬಾಗದೆ ನಿಲ್ಲುವ ಬಿಗಿಯಲ್ಲಿ ಉಕ್ಕು ಅಲ್ಯೂಮಿನಿಯಂಗಿಂತ ಹೆಚ್ಚುಕಡಿಮೆ ಮೂರು ಪಟ್ಟು. ರೇಸ್ ಕಾರಿನವರಿಗೆ ತೂಕ ಶತ್ರು. ಬಂಡೆ ಹತ್ತುವವರಿಗೆ ಚಾಸಿಯ ಕೆಳಗೆ ಕೂರುವ ತೂಕ ವರ. ನಾಲ್ಕು ಕೆಳ ಲಿಂಕುಗಳನ್ನು ಉಕ್ಕಿನದು ಮಾಡಿದರೆ ಅಲ್ಯೂಮಿನಿಯಂಗಿಂತ ಐವತ್ತು ಗ್ರಾಮಿಗೂ ಹೆಚ್ಚು ಭಾರ ಸರಿಯಾದ ಜಾಗದಲ್ಲಿ ಸೇರುತ್ತದೆ. ಅಲ್ಯೂಮಿನಿಯಂಗೆ ಇನ್ನೊಂದು ದುರ್ಗುಣ: ಗ್ರಾನೈಟಿನ ಅಂಚು ಅದರೊಳಗೆ ಕಚ್ಚಿಕೊಳ್ಳುತ್ತದೆ. ಆನೊಡೈಸಿನ ಪದರ ಗಟ್ಟಿ, ಆದರೆ ತೀರ ತೆಳು. ಒಂದೆರಡು ಭಾನುವಾರ ರಾಮನಗರದ ಬಂಡೆಗಳ ಮೇಲೆ ಉಜ್ಜಿದರೆ ನೀಲಿ ಹೋಗಿ ಬೆಳ್ಳಗಿನ ಗೀರು ಉಳಿಯುತ್ತದೆ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಲಿಂಕು ಕಲ್ಲಿನ ಮೇಲೆ ಜಾರುತ್ತದೆ, ಬಾಗಿ ಮತ್ತೆ ನೆಟ್ಟಗಾಗುತ್ತದೆ. ನೋಡಲು ಚೆಂದವಿಲ್ಲ, ಅಷ್ಟೇ.

ಕೆಳಗೆ ಜಾಗ ಸಿಗಲೆಂದು ಮಾರುವ ಬಾಗಿದ ಲಿಂಕುಗಳ ಬಗ್ಗೆ ನನಗೆ ಅರ್ಧ ಮೆಚ್ಚುಗೆ. ಕಲ್ಲು ತಗಲುವುದು ತಪ್ಪುತ್ತದೆ, ಸುಳ್ಳಲ್ಲ. ಆದರೆ ನೇರ ಸರಳು ನೂಕನ್ನು ನೆಟ್ಟಗೆ ತಾಳುತ್ತದೆ, ಬಾಗಿದ್ದು ಪ್ರತಿ ನೂಕಿಗೂ ಇನ್ನಷ್ಟು ಬಾಗಲು ನೋಡುತ್ತದೆ. ಎರಡೂ ತುದಿಯಲ್ಲಿ ಗುಂಡು ಕೀಲಿರುವುದರಿಂದ ಕಲ್ಲು ತಾಗಿದಾಗ ಲಿಂಕು ಪಕ್ಕಕ್ಕೆ ಹೊರಳಿ, ಮೇಲಿರಬೇಕಾದ ಬಾಗು ಟೈರಿನ ಕಡೆ ಮುಖ ಮಾಡುವುದೂ ಉಂಟು. ತೆಳ್ಳನೆಯ ಅಲ್ಯೂಮಿನಿಯಂನಲ್ಲಿ ಬಾಗಿದ ಲಿಂಕು ಮಾಡಿ ಮಾರುವುದು ಮೋಸಕ್ಕೆ ಹತ್ತಿರದ ಕೆಲಸ.

ಕೂರಿಸುವ ಕೆಲಸವನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ, ಬಂಡಿ ಕೆಡುವುದೂ ಅಲ್ಲೇ. ಗ್ರಬ್ ಸ್ಕ್ರೂವಿನ (ತಲೆಯಿಲ್ಲದ ಸ್ಕ್ರೂ) ಅರ್ಧ ಸರಳಿನೊಳಗೆ, ಅರ್ಧ ರಾಡ್ ಎಂಡಿನೊಳಗೆ, ಅಂದರೆ ಗುಂಡು ಕೀಲಿನ ತುದಿಯೊಳಗೆ, ಇರಬೇಕು. ಲೋಹಕ್ಕೆ ಲೋಹ ಕೂಡುವ ಕಡೆ ಒಂದು ಹನಿ ನೀಲಿ ಥ್ರೆಡ್‌ಲಾಕ್ ಅಂಟು ಸಾಕು. ಪ್ಲಾಸ್ಟಿಕ್ ರಾಡ್ ಎಂಡಿಗೆ ಅದನ್ನು ಸೋಕಿಸಬೇಡಿ, ಅಲ್ಲಿ ಸೋಪು ಸವರಿ ತಿರುಗಿಸಿ. ಎರಡೂ ತುದಿಯ ಕಣ್ಣುಗಳು ಒಂದೇ ದಿಕ್ಕಿಗೆ ನೋಡುತ್ತಿರಲಿ. ಒಂದು ಸ್ವಲ್ಪ ತಿರುಚಿಕೊಂಡಿದ್ದರೂ ಆಕ್ಸಲ್ ಓರೆಯಾದಾಗ ಲಿಂಕು ಹಿಡಿದುಕೊಳ್ಳುತ್ತದೆ. ಎಂ3 ಸ್ಕ್ರೂವಿನಲ್ಲಿ ರಾಡ್ ಎಂಡಿನ ಒಂದು ಪೂರ್ತಿ ಸುತ್ತಿಗೆ ಅರ್ಧ ಮಿ.ಮೀ. ವ್ಯತ್ಯಾಸ, ಎಂ4ನಲ್ಲಿ 0.7. ಒಂದು ತುದಿಗೆ ಬಲಮರೆ (ಬಲಕ್ಕೆ ಸುತ್ತುವ ಥ್ರೆಡ್), ಇನ್ನೊಂದಕ್ಕೆ ಎಡಮರೆ ಇರುವ ಟರ್ನ್‌ಬಕಲ್ ಆದರೆ ಇದರ ಎರಡರಷ್ಟು, ಅದೂ ಲಿಂಕನ್ನು ಬಿಚ್ಚದೆಯೇ. ಮೇಲಿನ ಲಿಂಕಿಗೆ ಖರ್ಚು ಮಾಡುವುದಾದರೆ ಇದಕ್ಕೆ ಮಾಡಿ. ಎಲ್ಲ ಕೂರಿಸಿದ ಮೇಲೆ ಶಾಕ್‌ಗಳನ್ನು ಕಳಚಿ, ಚಾಸಿ ಎತ್ತಿ ಹಿಡಿದು, ಆಕ್ಸಲ್ಲನ್ನು ಕೈಯಲ್ಲಿ ಓರೆ ಮಾಡಿ ಬಿಡಿ. ತನ್ನ ಭಾರಕ್ಕೆ ತಾನೇ ಇಳಿದರೆ ಕೆಲಸ ಸರಿ. ನಡುವೆ ನಿಂತರೆ ಎಷ್ಟೇ ದುಬಾರಿ ಶಾಕ್ ಹಾಕಿದರೂ ದಂಡ.

ಪೂರ್ತಿ ಸೆಟ್ಟಿಗೆ ಹೋಗದೆ ಕೆಳಗಿನ ನಾಲ್ಕನ್ನು ಮಾತ್ರ ಉಕ್ಕಿನಲ್ಲಿ ಮಾಡಿಸಿಕೊಳ್ಳಿ, ಒಳ್ಳೆಯ ರಾಡ್ ಎಂಡ್ ಕೊಳ್ಳಿ. ಬೆಂಗಳೂರಿನ ಪೀಣ್ಯದಂಥ ಕಡೆ ಲೇತ್ ಇರುವ ಯಾವ ಸಣ್ಣ ವರ್ಕ್‌ಶಾಪಿನವರಾದರೂ ಸರಳು ಕತ್ತರಿಸಿ ಮರೆ ಹಾಕಿಕೊಟ್ಟಾರು. ಅಳತೆ ಕೊಡುವಾಗ ಕಣ್ಣಿನ ನಡುವಿನಿಂದ ಕಣ್ಣಿನ ನಡುವಿನವರೆಗಿನ ಉದ್ದವನ್ನೂ ಬರಿ ಸರಳಿನ ಉದ್ದವನ್ನೂ ಬೇರೆಬೇರೆಯಾಗಿ ಬರೆದುಕೊಡಿ.