ಮಂಡ್ಯದ ಗೋಡೆಗಳಿಗೆ ಮಂಡ್ಯ ಬೇಕು

ಮಂಡ್ಯ ಜಿಲ್ಲೆಯಲ್ಲಿ ನೋಡಲೇಬೇಕಾದ ಗೋಡೆ ಯಾವುದೆಂದರೆ ನಾನು ಈಗಲೂ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯನ್ನೇ ತೋರಿಸುತ್ತೇನೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯ ಆ ಗೋಡೆಯ ಮೇಲೆ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧ ಹರಡಿಕೊಂಡಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಕೆಂಪಂಗಿಯ ಸಿಪಾಯಿಗಳ ನಡುವೆ ಬ್ರಿಟಿಷ್ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಸಿಕ್ಕಿಬಿದ್ದಿದ್ದಾನೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ಲೆಕ್ಕಕ್ಕೆ ಚಿತ್ರಕಾರ ಸೊಪ್ಪು ಹಾಕಿಲ್ಲ; ಕುದುರೆ, ಕತ್ತಿ, ಈಟಿಗಳನ್ನು ಸಾಲಿನ ಮೇಲೆ ಸಾಲಾಗಿ ಪೇರಿಸಿದ್ದಾನೆ. ಸೋತವರಿಗೆ ಓಡಲು ದಾರಿಯಿಲ್ಲ, ನೋಡುವವರ ಕಣ್ಣಿಗೂ ಬಿಡುವಿಲ್ಲ. ಮಾಸಿದ ಈ ಚಿತ್ರವನ್ನು ಮತ್ತೆ ಬರೆಸಿದವನು ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ. ತಮ್ಮದೇ ಸೋಲನ್ನು ಗೆದ್ದವರ ಕಣ್ಣಿನಿಂದ ತೋರಿಸುವ ಚಿತ್ರವನ್ನು ಬ್ರಿಟಿಷರೂ ಅಳಿಸದೆ ಉಳಿಸಿಕೊಂಡರು. ಅದರ ಕಸುವು ಅಂಥದ್ದು.

ಇಂದಿನ ಸರ್ಕಾರಿ ಕಾಂಪೌಂಡುಗಳ ಮೇಲೆ ಆ ಕಸುವಿಲ್ಲ. ಸ್ವಚ್ಛ ಭಾರತದ ಕನ್ನಡಕ, ಗಿಡ ನೆಡಿ ಎನ್ನುವ ಬರಹ, ರೈಲು ಬೋಗಿಯಾದ ಶಾಲೆ. ಬೋಗಿ ಮಕ್ಕಳಿಗೆ ಖುಷಿ ಕೊಡುತ್ತದೆ, ಅದು ಇರಲಿ. ಉಳಿದದ್ದು ಯಾವ ಊರಿನ ಗೋಡೆಗಾದರೂ ನಡೆಯುತ್ತದೆ. ಬೆಂಗಳೂರಿನಲ್ಲಿ 2009ರಲ್ಲಿ ಪಾಲಿಕೆ ಸಿನಿಮಾ ಬ್ಯಾನರ್ ಕಲಾವಿದರಿಂದ ಗೋಡೆ ಬರೆಸಿದಾಗಲೂ ಇದೇ ಆಯಿತು. ಫ್ಲೆಕ್ಸ್ ಕಸಿದಿದ್ದ ಕೆಲಸ ಆ ಪಳಗಿದ ಕೈಗಳಿಗೆ ಮರಳಿ ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಬರೆದದ್ದು ಪ್ರವಾಸಿ ಕ್ಯಾಲೆಂಡರಿನ ಹಂಪಿ, ಯಕ್ಷಗಾನ. ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಬಿಟ್ಟಾಗ ಕೃತಿಯ ವಸ್ತುವನ್ನು ಕೊಟ್ಟದ್ದು ಆ ರಸ್ತೆಯೇ; ಇನ್ನೊಂದು ಕಡೆ ಅದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ನಮ್ಮಲ್ಲಿ ವಸ್ತುವಿಗೆ ಬರವೇ? ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ನೀರು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತಾಗಿ ಹೋಯಿತು. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಹುಟ್ಟಿದ್ದು 1933ರಲ್ಲಿ. ಅದರ ಚಿಮಣಿಯನ್ನು ಬರೆದರೆ ರೈತರಿಗೆ ಬರಬೇಕಾದ ಕಬ್ಬಿನ ಬಾಕಿಯ ಮಾತೂ ಬರುತ್ತದೆ. ಅಧಿಕಾರಿಗಳಿಗೆ ಅಳುಕಿರುವುದು ಅಲ್ಲೇ ಎಂದು ನನ್ನ ಅನಿಸಿಕೆ.

ಆ ಅಳುಕು ಬಿಟ್ಟು ಮಂಡ್ಯದ ಸಂಜಯ ವೃತ್ತದಲ್ಲಿ ಅವರು ಒಂದು ಗೋಡೆ ಬಿಟ್ಟುಕೊಡಲಿ. ಕಾವೇರಿ ನೀರಿಗಾಗಿ ಅಲ್ಲಿ ಧರಣಿ ಕೂತ ರೈತರ, ಹೆಂಗಸರ ಮುಖಗಳನ್ನು, ಆ ಮುಖಗಳನ್ನು ಬಲ್ಲ ಊರಿನ ಬೋರ್ಡ್ ಕಲಾವಿದರೇ ಬರೆಯಲಿ. ಮೂಲೆಯಲ್ಲಿ ತಮ್ಮ ಹೆಸರನ್ನೂ ಹಾಕಲಿ.